ವಿಚ್ ಎಂಬ ಟೀಚರಮ್ಮ

ಹಳೆಯ ವಸ್ತುಗಳನ್ನು ಜೋಪಾನ ಮಾಡುವವರಲ್ಲಿ ಎರಡು ಬಗೆಯವರಿರುತ್ತಾರೆ. ವಸ್ತುವನ್ನು ಒರೆಸಿ, ಗಾಜಿನ ಬೀರುವಿನಲ್ಲಿಟ್ಟು, ಬೀಗ ಹಾಕಿ, ಮನೆಗೆ ಬಂದವರಿಗೆ ದೂರದಿಂದ ತೋರಿಸಿ ಸಂತೋಷಪಡುವವರು ಒಂದು ಬಗೆ. ಅದನ್ನು ಬಳಸುತ್ತಲೇ ಕಾಪಾಡುವವರು ಇನ್ನೊಂದು ಬಗೆ. ನಮ್ಮ ಅಜ್ಜಿಯ ಮನೆಯ ಗೋಡೆ ಗಡಿಯಾರ ಎರಡನೆಯವರ ಕೈಗೆ ಸಿಕ್ಕಿತ್ತು. ಸೋದರಮಾವ ಪ್ರತಿ ಭಾನುವಾರ ಸ್ಟೂಲು ಹತ್ತಿ ಕೀಲಿ ಕೊಡುತ್ತಿದ್ದರು. ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಓಡುತ್ತಿತ್ತು. ಆ ನಾಲ್ಕು ನಿಮಿಷವನ್ನು ಲೆಕ್ಕಕ್ಕೆ ಹಿಡಿದೇ ಮನೆಯವರೆಲ್ಲ ಬಸ್ಸಿಗೆ ಹೊರಡುತ್ತಿದ್ದರು. ಗಡಿಯಾರದ ಗುಣದೋಷ ಬಲ್ಲವರು ಇದ್ದಷ್ಟು ದಿನವೂ ಅದು ಗಡಿಯಾರವಾಗಿಯೇ ಇತ್ತು.

ಈ ಎರಡನೆಯ ಬಗೆಯ ಜನ ಕಂಪ್ಯೂಟರಿನ ಲೋಕದಲ್ಲೂ ಇದ್ದಾರೆ ಎಂದರೆ ನಮ್ಮಲ್ಲಿ ಅನೇಕರು ನಗುತ್ತಾರೆ. ಕಂಪ್ಯೂಟರ್ ಎಂದರೇ ಹೊಸದು, ಹಳೆಯದಾಯಿತೆಂದರೆ ಗುಜರಿ. ಐದು ವರ್ಷದ ಹಿಂದಿನ ಫೋನನ್ನೇ ಮಕ್ಕಳು ‘ಡಬ್ಬಾ’ ಎನ್ನುವ ಕಾಲ ಇದು. ಆದರೆ 60–70 ವರ್ಷ ಹಿಂದಿನ ಕಂಪ್ಯೂಟರುಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಲೆಕ್ಕ ಮಾಡುವಂತೆ ಮಾಡಿದವರಿದ್ದಾರೆ. ಅಮೆರಿಕದ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ, 1959ರಲ್ಲಿ ಪ್ರಕಟವಾದ ಐಬಿಎಂ 1401 ಎಂಬ ಯಂತ್ರಗಳೆರಡನ್ನು ನಿವೃತ್ತ ಎಂಜಿನಿಯರುಗಳು ಸೇರಿ ರಿಪೇರಿ ಮಾಡಿ, ತೂತಿನ ಕಾರ್ಡುಗಳನ್ನು ಓದಿಸಿ ತೋರಿಸುತ್ತಾರೆ. ಅಲ್ಲೇ ಪಿಡಿಪಿ-1 ಎಂಬ ಯಂತ್ರದ ಪರದೆಯ ಮೇಲೆ 1962ರ ‘ಸ್ಪೇಸ್‌ವಾರ್’ ಎಂಬ ಆಟವನ್ನು ಆಡಿಸುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1948ರ ಜೂನ್ 21ರಂದು ತನ್ನ ಸ್ಮರಣೆಯಲ್ಲೇ ಇಟ್ಟುಕೊಂಡ ಪ್ರೋಗ್ರಾಮನ್ನು ಮೊಟ್ಟಮೊದಲು ಓಡಿಸಿದ ‘ಬೇಬಿ’ ಎಂಬ ಯಂತ್ರ ಉಳಿದಿಲ್ಲ. ಆದರೆ ಅದರ 50ನೆಯ ವರ್ಷಕ್ಕೆಂದು, 1998ರಲ್ಲಿ, ತದ್ರೂಪವೊಂದನ್ನು ಕಟ್ಟಿ ಓಡಿಸಿದರು.

ನಾನು ಬಿ.ಎ., ಬಿ.ಎಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಚಾಲುಕ್ಯರು, ಹೊಯ್ಸಳರು, ಎರಡನೆಯ ಮಹಾಯುದ್ಧ, ನದಿ ಕಣಿವೆ ಯೋಜನೆ ಇವು ನನ್ನ ಸರಕು. 2023ರ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಆ ಊರಿನೊಳಗೇ ಬ್ಲೆಚ್ಲಿ ಎಂಬ ಭಾಗವಿದೆ. ಯುದ್ಧಕಾಲದಲ್ಲಿ ಜರ್ಮನರ ಗುಪ್ತ ಸಂದೇಶಗಳನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕ್ ಅದೇ. ಆ ಆವರಣದ ಒಂದು ಅಂಚಿನಲ್ಲಿ, ಎಚ್ ಬ್ಲಾಕ್ ಎಂಬ ಉದ್ದನೆಯ ಕಟ್ಟಡದಲ್ಲಿ, ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್ ಇದೆ. 2007ರಲ್ಲಿ ಸ್ಥಾಪನೆಯಾದದ್ದು.

“ಅಮ್ಮಾ, ನೀನು ಮೇಲಿನ ಬಂಗಲೆ ನೋಡು ಸಾಕು. ಅಲ್ಲಿ ಯುದ್ಧದ ಕತೆ ಎಲ್ಲಾ ಇದೆ. ಕಂಪ್ಯೂಟರ್ ಮ್ಯೂಸಿಯಂ ನಿನಗೆ ಬೋರಾಗುತ್ತೆ,” ಎಂದಳು ಮಗಳು.

“ಶಾಸನಾನೂ ಬರೀ ಕಲ್ಲೇ ಕಣೆ. ಓದೋಕೆ ಬಂದ ಮೇಲೆ ತಾನೆ ಅದು ಚರಿತ್ರೆ ಆಗೋದು? ನಡಿ, ನೋಡೋಣ,” ಎಂದೆ. ಆ ಮಾತನ್ನು ಸುಮ್ಮನೆ ಆಡಿದ್ದೆ. ಒಳಗೆ ಹೋದ ಮೇಲೆ ಅದು ನಾನೆಣಿಸಿದ್ದಕ್ಕಿಂತ ನಿಜವಾಗಿತ್ತು.

ಒಂದು ಕೋಣೆಯಲ್ಲಿ ಗೋಡೆಯುದ್ದಕ್ಕೂ ಆಳೆತ್ತರದ ಕಬ್ಬಿಣದ ಚೌಕಟ್ಟುಗಳು ನಿಂತಿದ್ದವು. ಅವುಗಳ ತುಂಬ ಸಾಲುಸಾಲಾಗಿ ಪುಟ್ಟ ಗಾಜಿನ ಕೊಳವೆಗಳು. ಪ್ರತಿ ಕೊಳವೆಯ ನೆತ್ತಿಯಲ್ಲಿ ಒಂದು ಕಿತ್ತಳೆ ಬಣ್ಣದ ಚುಕ್ಕೆ ಮಿಣುಕುತ್ತಿತ್ತು. ಚುಕ್ಕೆ ಇದ್ದಲ್ಲಿ ಇರದೆ ಗಡಿಯಾರದ ಮುಳ್ಳಿನಂತೆ ಸುತ್ತು ಹಾಕುತ್ತಿತ್ತು. ಜೊತೆಗೆ ಟಕಟಕ, ಕಟಕಟ ಎಂಬ ಸದ್ದು. ನಮ್ಮ ಊರಿನ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಹಳೆಯ ಟೆಲಿಫೋನ್ ಎಕ್ಸ್‌ಚೇಂಜು ಇದ್ದಾಗ ಕೇಳುತ್ತಿದ್ದ ಸದ್ದೇ ಅದು. ಕಿವಿ ಮೋಸ ಮಾಡಿರಲಿಲ್ಲ. ಆ ಯಂತ್ರದಲ್ಲಿರುವ 480 ರಿಲೇಗಳು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುತ್ತಿದ್ದಂಥವೇ.

ಅದರ ಹೆಸರು ಹಾರ್ವೆಲ್ ಡೆಕಟ್ರಾನ್. ಡೆಕಟ್ರಾನ್ ಎಂದರೆ ಆ ಗಾಜಿನ ಕೊಳವೆ. ಒಳಗೆ ಅನಿಲ ತುಂಬಿ, ವೃತ್ತಾಕಾರವಾಗಿ ಹತ್ತು ಮನೆಗಳನ್ನು ಮಾಡಿದ್ದಾರೆ. ಸೊನ್ನೆಯಿಂದ ಒಂಬತ್ತರವರೆಗೆ. ಬೆಳಕು ಯಾವ ಮನೆಯಲ್ಲಿ ಕೂತಿದೆಯೋ ಅದೇ ಆ ಕೊಳವೆ ನೆನಪಿಟ್ಟುಕೊಂಡ ಅಂಕಿ. ಒಂದು ಮಿಡಿತ ಬಂದರೆ ಬೆಳಕು ಪಕ್ಕದ ಮನೆಗೆ ಜಿಗಿಯುತ್ತದೆ. ಒಂಬತ್ತು ದಾಟಿದರೆ ಸೊನ್ನೆಗೆ ಬಂದು, ಪಕ್ಕದ ಕೊಳವೆಗೆ ‘ದಶಕ’ ಒಂದನ್ನು ಒಯ್ಯುತ್ತದೆ. ಒಂದನೆಯ ತರಗತಿಯಲ್ಲಿ ಮಣಿಚೌಕಟ್ಟು ಹಿಡಿದು ಬಿಡಿ, ಹತ್ತು, ನೂರು ಹೇಳಿಕೊಡುವುದಿಲ್ಲವೇ, ಹಾಗೆಯೇ. ಇಂಥ 828 ಕೊಳವೆಗಳು ಆ ಯಂತ್ರದಲ್ಲಿವೆ. ತೂಕ ಎರಡೂವರೆ ಟನ್ನು.

ಇದರ ಚರಿತ್ರೆ ಹೀಗಿದೆ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಅಣುಶಕ್ತಿ ಸಂಶೋಧನಾ ಕೇಂದ್ರವಾಯಿತು. ಅಲ್ಲಿ ದಿನವಿಡೀ ಲೆಕ್ಕ ಮಾಡಲೆಂದೇ ಜನರಿದ್ದರು. ಕೈಯಲ್ಲಿ ತಿರುಗಿಸುವ ಯಂತ್ರವನ್ನು ಮೇಜಿನ ಮೇಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂಡುವುದು, ಗುಣಿಸುವುದು, ಬರೆಯುವುದು. ‘ಕಂಪ್ಯೂಟರ್’ ಎಂಬುದು ಆ ಕಾಲದವರೆಗೂ ಇಂಥ ಕೆಲಸ ಮಾಡುವ ಮನುಷ್ಯರ ಹುದ್ದೆಯ ಹೆಸರಾಗಿತ್ತು. ಅವರಲ್ಲಿ ಬಹಳ ಮಂದಿ ಹೆಂಗಸರು. ಈ ಬೇಸರದ ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸಲು ಟೆಡ್ ಕುಕ್-ಯಾರ್‌ಬರೋ, ಡಿಕ್ ಬಾರ್ನ್ಸ್, ಗರ್ನಿ ಥಾಮಸ್ ಎಂಬ ಮೂವರು 1949ರಲ್ಲಿ ಈ ಯಂತ್ರದ ಕೆಲಸ ಶುರುಮಾಡಿದರು. 1951ರಲ್ಲಿ ಅದು ಓಡಿತು.

ವೇಗದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡು ಬೇಕು. ಚುರುಕಾದ ಮನುಷ್ಯ ಕೈಯಂತ್ರ ಹಿಡಿದು ಕೂತರೆ ಅದರ ಸಮಕ್ಕೆ ಓಡಬಹುದು. ಓಡಿಯೂ ನೋಡಿದ್ದರು. ಹಾರ್ವೆಲ್ಲಿನ ಗಣಿತಜ್ಞ ಬಾರ್ಟ್ ಫಾಸಿ ಎಂಬವರು ಕೈಯಂತ್ರ ಹಿಡಿದು ಅದರ ಪಕ್ಕದಲ್ಲೇ ಕೂತು ಪಂದ್ಯ ಕಟ್ಟಿದರಂತೆ. ಅರ್ಧ ಗಂಟೆ ಸಮಸಮವಾಗಿ ನಡೆಯಿತು. ಆಮೇಲೆ ಸುಸ್ತಾಗಿ ಕೈಬಿಟ್ಟರು. ಯಂತ್ರ ತನ್ನ ಪಾಡಿಗೆ ತಾನು ಟಕಟಕ ಎನ್ನುತ್ತ ಮುಂದುವರಿಯಿತು. ಅದರ ಹೆಚ್ಚುಗಾರಿಕೆ ಇದ್ದದ್ದು ಅಲ್ಲೇ. ವಾರಕ್ಕೆ ಸರಾಸರಿ 80 ಗಂಟೆ ದುಡಿಯುತ್ತಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಜನ ಮನೆಗೆ ಹೋದಾಗಲೂ ಅದು ಒಂದೇ ಕೋಣೆಯಲ್ಲಿ ಕಾಗದದ ಟೇಪು ಓದುತ್ತ ಲೆಕ್ಕ ಮಾಡುತ್ತಿತ್ತು. ಓಡುವ ಕುದುರೆಗಿಂತ ಏತದ ಎತ್ತಿನ ಜಾತಿ.

ಕೆಲವೇ ವರ್ಷಗಳಲ್ಲಿ ಹೊಸ ಯಂತ್ರಗಳು ಬಂದವು. 1957ರ ಹೊತ್ತಿಗೆ ಹಾರ್ವೆಲ್ಲಿಗೆ ಇದು ಬೇಡವಾಯಿತು. ಬೇಡವಾದದ್ದನ್ನು ಅವರು ಏನು ಮಾಡಿದರು ಎಂಬುದೇ ನನ್ನಂಥ ಟೀಚರಿಗೆ ಈ ಕತೆಯಲ್ಲಿ ಸಿಕ್ಕ ಸಕ್ಕರೆ. ಗುಜರಿಗೆ ಹಾಕಲಿಲ್ಲ. ಆಕ್ಸ್‌ಫರ್ಡಿನ ಗಣಿತ ಸಂಸ್ಥೆಯ ಮೂಲಕ ಕಾಲೇಜುಗಳಿಗೆ ಒಂದು ಸ್ಪರ್ಧೆ ಇಟ್ಟರು. ಇದನ್ನು ಕೊಟ್ಟರೆ ನೀವು ಹೇಗೆ ಬಳಸುತ್ತೀರಿ ಎಂದು ಬರೆದು ತಿಳಿಸಿ, ಒಳ್ಳೆಯ ಉತ್ತರ ಕೊಟ್ಟವರಿಗೆ ಯಂತ್ರ! ಗೆದ್ದದ್ದು ವುಲ್ವರ್‌ಹ್ಯಾಂಪ್ಟನ್ನಿನ ತಾಂತ್ರಿಕ ಕಾಲೇಜು. ಅಲ್ಲಿಗೆ ಹೋದ ಮೇಲೆ ಅದಕ್ಕೆ ಹೊಸ ನಾಮಕರಣವಾಯಿತು. ‘ಹಾರ್ವೆಲ್‌ನಿಂದ ಬಂದ, ಗಣನೆ ಕಲಿಸುವ ವುಲ್ವರ್‌ಹ್ಯಾಂಪ್ಟನ್ ಸಾಧನ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಮೊದಲಕ್ಷರ ಕೂಡಿಸಿದರೆ ‘ವಿಚ್’ ಆಗುತ್ತದೆ. ವಿಚ್ ಎಂದರೆ ಮಾಟಗಾತಿ. ಹೀಗೆ ಅಣುಶಕ್ತಿಯ ಲೆಕ್ಕ ಮಾಡುತ್ತಿದ್ದ ಯಂತ್ರ ಮಾಟಗಾತಿಯೆಂಬ ಹೆಸರು ಹೊತ್ತು, ಟೀಚರಮ್ಮನಾಗಿ ವರ್ಗವಾಗಿ ಬಂತು.

1973ರವರೆಗೆ, ಅಂದರೆ ಹದಿನಾರು ವರ್ಷ, ಅದು ಪಾಠ ಮಾಡಿತು. ಕೊಠಡಿಯಲ್ಲಿ ಅದರ ಮುಂದೆ ನಿಂತಾಗ ಈ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಶಾಲೆಯ ಕಂಪ್ಯೂಟರನ್ನು ತೋರಿಸಿ, ಇದರೊಳಗೆ ಲೆಕ್ಕ ಹೇಗಾಗುತ್ತದೆ ಎಂದು ಮಗು ಕೇಳಿದರೆ ಏನು ಹೇಳುವುದು? ಮುಚ್ಚಿದ ಪೆಟ್ಟಿಗೆ, ಕಣ್ಣಿಗೆ ಏನೂ ಕಾಣದು. ವಿಚ್‌ನಲ್ಲಾದರೆ ಅಂಕಿ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದು. ಕೂಡುವಾಗ ಬೆಳಕು ಓಡುವುದು ಕಾಣುತ್ತದೆ. ಟೇಪಿನ ತುದಿಗಳನ್ನು ಅಂಟಿಸಿ ಕುಣಿಕೆ ಮಾಡಿದರೆ ಅದೇ ಆಜ್ಞೆಗಳನ್ನು ಮತ್ತೆ ಮತ್ತೆ ಓದುತ್ತದೆ. ಕಂಪ್ಯೂಟರಿನವರು ಇಂದಿಗೂ ‘ಲೂಪ್’ ಎನ್ನುವುದು ಅಲ್ಲಿ ಕೈಯಲ್ಲಿ ಹಿಡಿಯಬಹುದಾದ ಕಾಗದದ ಕುಣಿಕೆ. ವೇಗವಿಲ್ಲದ್ದು ಹಾರ್ವೆಲ್ಲಿನಲ್ಲಿ ಕೊರತೆಯಾಗಿತ್ತು, ತರಗತಿಯಲ್ಲಿ ಅದೇ ಗುಣವಾಯಿತು. ದಡ್ಡ ಮಕ್ಕಳೆನ್ನಿಸಿಕೊಂಡವರಿಗೆ ಯಾರು ಚೆನ್ನಾಗಿ ಪಾಠ ಮಾಡುತ್ತಾರೆ ಎಂದು ಮೂವತ್ತು ವರ್ಷ ನೋಡಿದ್ದೇನೆ. ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ಬೋರ್ಡಿನ ಮೇಲೆ ಬಿಟ್ಟು ಅಳಿಸದೆ ಹೋಗುವವರು.

1973ರ ನಂತರ ಅದು ಬರ್ಮಿಂಗ್‌ಹ್ಯಾಮಿನ ವಿಜ್ಞಾನ ಮ್ಯೂಸಿಯಮ್ಮಿಗೆ ಹೋಯಿತು. 1997ರಲ್ಲಿ ಆ ಮ್ಯೂಸಿಯಂ ಮುಚ್ಚಿದಾಗ ಬಿಚ್ಚಿ ಉಗ್ರಾಣಕ್ಕೆ ಸಾಗಿಸಿದರು. ಮರೆತೂಬಿಟ್ಟರು. 2008ರಲ್ಲಿ ಬ್ಲೆಚ್ಲಿಯ ಮ್ಯೂಸಿಯಮ್ಮಿನ ಕೆವಿನ್ ಮರೆಲ್ ಎಂಬವರು ಉಗ್ರಾಣದ ಒಂದು ಛಾಯಾಚಿತ್ರ ನೋಡುತ್ತಿರುವಾಗ, ಸಾಮಾನಿನ ರಾಶಿಯ ನಡುವೆ ಅದರ ನಿಯಂತ್ರಣ ಫಲಕ ಕಣ್ಣಿಗೆ ಬಿತ್ತು. ಹುಡುಗನಾಗಿದ್ದಾಗ ಬರ್ಮಿಂಗ್‌ಹ್ಯಾಮಿನಲ್ಲಿ ಅದನ್ನು ನೋಡಿದವರು ಅವರು, ಗುರುತು ಹಿಡಿದರು. ನಮ್ಮ ಹಳ್ಳಿಗಳಲ್ಲಿ ಬಟ್ಟೆ ಒಗೆಯುವ ಕಲ್ಲು ಮಗುಚಿದಾಗ ಶಾಸನ ಸಿಕ್ಕಿದ ಹಾಗಾಯಿತು. 2009ರಲ್ಲಿ ಅದು ಬ್ಲೆಚ್ಲಿಗೆ ಬಂತು. ಸ್ವಯಂಸೇವಕರು ಮೂರು ವರ್ಷ ಕೂತು ಒಂದೊಂದೇ ತಂತಿ, ಒಂದೊಂದೇ ರಿಲೇ ಶುದ್ಧ ಮಾಡಿದರು. 2012ರ ನವೆಂಬರ್ 20ರಂದು ಮತ್ತೆ ಚಾಲೂ ಆಯಿತು. ಮೂಲ ವಿನ್ಯಾಸಕಾರರಲ್ಲಿ ಕುಕ್-ಯಾರ್‌ಬರೋ ಮತ್ತು ಬಾರ್ನ್ಸ್ ಇಬ್ಬರೂ ಆ ದಿನ ಬಂದಿದ್ದರು. ಕುಕ್-ಯಾರ್‌ಬರೋ ತೀರಿಕೊಂಡದ್ದು ಅದಾದ ಎರಡು ತಿಂಗಳೊಳಗೆ, 2013ರ ಜನವರಿಯಲ್ಲಿ. ಮೂಲ ಭಾಗಗಳೊಂದಿಗೇ ಕೆಲಸ ಮಾಡುವ ಅತ್ಯಂತ ಹಳೆಯ ಡಿಜಿಟಲ್ ಕಂಪ್ಯೂಟರ್ ಎಂದು ಗಿನ್ನೆಸ್ ಪುಸ್ತಕ ಅದನ್ನು ಗುರುತಿಸಿತು.

ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಬೇರೆಯೇ ಒಂದು ಕತೆ ಇದೆ. ಅದು ಕೊಲೊಸಸ್. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೇನಾಧಿಕಾರಿಗಳು ತಮ್ಮತಮ್ಮಲ್ಲಿ ಕಳಿಸುತ್ತಿದ್ದ ಸಂದೇಶಗಳನ್ನು ಲೊರೆಂಜ್ ಎಂಬ ಹನ್ನೆರಡು ಚಕ್ರಗಳ ಯಂತ್ರ ಗುಪ್ತಲಿಪಿಗೆ ತಿರುಗಿಸುತ್ತಿತ್ತು. 1941ರ ಆಗಸ್ಟ್ 30ರಂದು ಒಬ್ಬ ಜರ್ಮನ್ ನಿರ್ವಾಹಕ ಸುಮಾರು 4000 ಅಕ್ಷರಗಳ ಒಂದೇ ಸಂದೇಶವನ್ನು ಚಕ್ರಗಳ ಸ್ಥಾನ ಬದಲಿಸದೆ, ಚೂರುಪಾರು ವ್ಯತ್ಯಾಸದೊಂದಿಗೆ ಎರಡು ಸಲ ಕಳಿಸಿದ. ಆ ಒಂದು ಎಡವಟ್ಟಿನಿಂದ ಬಿಲ್ ಟಟ್ ಎಂಬ ತರುಣ ಗಣಿತಜ್ಞ, ಯಂತ್ರವನ್ನು ಒಮ್ಮೆಯೂ ಕಣ್ಣಿನಿಂದ ಕಾಣದೆ, ಅದರ ರಚನೆಯನ್ನು ಕಾಗದದ ಮೇಲೆ ಬಿಡಿಸಿದರು. ಆದರೆ ದಿನದಿನದ ಸಂದೇಶಗಳ ಚಕ್ರಸ್ಥಾನ ಹುಡುಕಲು ಎಣಿಕೆಯ ಮೇಲೆ ಎಣಿಕೆ ಮಾಡಬೇಕಾಗಿತ್ತು. ಅದಕ್ಕೆ ಯಂತ್ರ ಕಟ್ಟಿದವರು ಟಾಮಿ ಫ್ಲವರ್ಸ್, ಲಂಡನ್ನಿನ ಅಂಚೆ ಇಲಾಖೆಯ ಸಂಶೋಧನಾಲಯದ ಎಂಜಿನಿಯರು.

ಸಾವಿರಾರು ವಾಲ್ವುಗಳನ್ನಿಟ್ಟು ಯಂತ್ರ ಕಟ್ಟುತ್ತೇನೆಂದಾಗ, ವಾಲ್ವು ಸುಟ್ಟುಹೋಗುತ್ತದೆ, ಇದು ಆಗುವ ಮಾತಲ್ಲ ಎಂದು ಅನೇಕರು ಅಂದರು. ಫ್ಲವರ್ಸ್‌ಗೆ ಟೆಲಿಫೋನ್ ಕೆಲಸದಿಂದ ಗೊತ್ತಿದ್ದ ಗುಟ್ಟೊಂದಿತ್ತು: ಪದೇಪದೇ ಹಚ್ಚಿ ಆರಿಸಿದರೆ ಮಾತ್ರ ವಾಲ್ವು ಬೇಗ ಹೋಗುತ್ತದೆ, ಉರಿಯುತ್ತಲೇ ಇರಲು ಬಿಟ್ಟರೆ ಬಾಳುತ್ತದೆ. ನಂದಾದೀಪದ ನ್ಯಾಯ! ಮೊದಲ ಕೊಲೊಸಸ್ 1944ರ ಫೆಬ್ರುವರಿಯಲ್ಲಿ ಸಂದೇಶಗಳ ಮೇಲೆ ಕೆಲಸ ಶುರುಮಾಡಿತು. ಕಾಗದದ ಟೇಪು ಸೆಕೆಂಡಿಗೆ 5000 ಅಕ್ಷರಗಳ ವೇಗದಲ್ಲಿ ರಾಟೆಗಳ ಮೇಲೆ ಓಡುತ್ತಿತ್ತು. ಯುದ್ಧ ಮುಗಿಯುವಾಗ ಇಂಥ ಹತ್ತು ಯಂತ್ರಗಳಿದ್ದವು.

ಅವನ್ನು ಹಗಲು ರಾತ್ರಿ ಪಾಳಿಯಲ್ಲಿ ನಡೆಸುತ್ತಿದ್ದವರು ಮುಖ್ಯವಾಗಿ ಹುಡುಗಿಯರು. ನೌಕಾಪಡೆಯ ಮಹಿಳಾ ದಳದವರು, ‘ರೆನ್’ ಎಂದು ಅವರನ್ನು ಕರೆಯುತ್ತಿದ್ದರು. ಯುದ್ಧದ ಕೊನೆಗೆ ಆ ವಿಭಾಗದಲ್ಲಿ 270ಕ್ಕೂ ಹೆಚ್ಚು ಮಂದಿ ಇದ್ದರು. ಟೇಪು ಕಟ್ಟುವುದು, ಸ್ವಿಚ್ಚುಗಳನ್ನು ಹೊಂದಿಸುವುದು, ಎಣಿಕೆ ಓದುವುದು ಅವರ ಕೆಲಸ. ವಾಲ್ವುಗಳ ಧಗೆಯಲ್ಲಿ ನಿಂತೇ ಮಾಡಬೇಕು. ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿ ಕೊಟ್ಟಿದ್ದರು. ಹೇಳಲೂ ಇಲ್ಲ. ಮದುವೆಯಾದರು, ಮಕ್ಕಳಾದವು, ಗಂಡನಿಗೂ ಹೇಳಲಿಲ್ಲ. ಸುಮಾರು ಮೂವತ್ತು ವರ್ಷ, 1970ರ ದಶಕದಲ್ಲಿ ಸರ್ಕಾರವೇ ಬಾಯಿ ಬಿಡುವವರೆಗೆ. ‘ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ’ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದಾಗಲೆಲ್ಲ ಈಗ ನನಗೆ ಈ ಹುಡುಗಿಯರು ನೆನಪಾಗುತ್ತಾರೆ.

ಯುದ್ಧ ಮುಗಿದೊಡನೆ ಕೊಲೊಸಸ್‌ಗಳಲ್ಲಿ ಎಂಟನ್ನು ಒಡೆದು ಬಿಡಿಭಾಗ ಮಾಡಿದರು. ಎರಡು ಸರ್ಕಾರದ ಗುಪ್ತ ಇಲಾಖೆಯಲ್ಲಿ ಉಳಿದಿದ್ದವು, 1960ರ ಹೊತ್ತಿಗೆ ಅವೂ ಹೋದವು. ಫ್ಲವರ್ಸ್‌ಗೆ ನಕ್ಷೆಗಳನ್ನು ಸುಡುವಂತೆ ಆಜ್ಞೆ ಬಂತು. ತಾನು ಕಟ್ಟಿದ್ದರ ಕಾಗದಗಳನ್ನು ತಾನೇ ಬಾಯ್ಲರಿನ ಬೆಂಕಿಗೆ ಹಾಕಿದರು. ಯುದ್ಧಾನಂತರ ಅವರಿಗೆ ಸಿಕ್ಕ ಬಹುಮಾನ 1000 ಪೌಂಡು. ಕಂಪ್ಯೂಟರಿನ ಚರಿತ್ರೆ ಬರೆದವರು ವರ್ಷಗಟ್ಟಲೆ ಅವರ ಹೆಸರಿಲ್ಲದೆಯೇ ಬರೆದರು.

1993ರಲ್ಲಿ ಟೋನಿ ಸೇಲ್ ಎಂಬ ಎಂಜಿನಿಯರು ಇದನ್ನು ಮತ್ತೆ ಕಟ್ಟುತ್ತೇನೆಂದು ಹೊರಟಾಗ ಕೈಯಲ್ಲಿದ್ದದ್ದು 1945ರಲ್ಲಿ ತೆಗೆದ ಎಂಟು ಕಪ್ಪುಬಿಳುಪು ಫೋಟೋಗಳು, ಮತ್ತು ಹಳೆಯ ಎಂಜಿನಿಯರುಗಳು ಆಜ್ಞೆ ಮೀರಿ ಮನೆಯಲ್ಲಿ ಇಟ್ಟುಕೊಂಡಿದ್ದ ಕೆಲವು ನಕ್ಷೆಯ ತುಣುಕುಗಳು. ಫೋಟೋಗಳಿಂದ ಅಳತೆ ಹಿಡಿದು ಚೌಕಟ್ಟು ಬಿಡಿಸಿದರು. ಟೇಪು ಓದುವ ಬೆಳಕಿನ ಸಾಧನವನ್ನು ಮೊದಲ ಸಲ ರೂಪಿಸಿದ್ದ ಆರ್ನಾಲ್ಡ್ ಲಿಂಚ್ ಅವರೇ ಮುಪ್ಪಿನಲ್ಲಿ ಮತ್ತೆ ಅದಕ್ಕೆ ನೆರವಾದರು. ಕಾಲವೂ ಕೂಡಿಬಂತು. ಅದೇ ಹೊತ್ತಿಗೆ ಬ್ರಿಟನ್ನಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ಕಳಚುತ್ತಿದ್ದರು. ಬೇಕಾದ ಬಿಡಿಭಾಗ ಅಲ್ಲಿಂದ ದೊರೆತವು. ಹತ್ತು ವರ್ಷ ತಡವಾಗಿದ್ದರೆ ಬಿಡಿಭಾಗವೂ ಇಲ್ಲ, ಬಲ್ಲವರೂ ಇಲ್ಲ. 1996ರ ಜೂನ್ 6ರಂದು ಯಂತ್ರವನ್ನು ಚಾಲೂ ಮಾಡಿದಾಗ 90 ವರ್ಷದ ಫ್ಲವರ್ಸ್ ಎದುರಿಗಿದ್ದರು. ಎರಡು ವರ್ಷದ ನಂತರ, 1998ರಲ್ಲಿ, ತೀರಿಕೊಂಡರು. ಟೋನಿ ಸೇಲ್ 2011ರಲ್ಲಿ ಹೋದರು.

2007ರ ನವೆಂಬರಿನಲ್ಲಿ ಒಂದು ಪಂದ್ಯ ನಡೆಯಿತು. ಜರ್ಮನಿಯ ಪಾಡರ್‌ಬಾರ್ನ್‌ನಿಂದ ಲೊರೆಂಜ್ ಗುಪ್ತಲಿಪಿಯ ಸಂದೇಶಗಳನ್ನು ರೇಡಿಯೋದಲ್ಲಿ ಕಳಿಸಿದರು. ಕೊಲೊಸಸ್‌ಗೂ ಜಗತ್ತಿನ ಹವ್ಯಾಸಿಗಳಿಗೂ ಸವಾಲು. ಬಾನ್ ನಗರದ ಒಬ್ಬರ ಲ್ಯಾಪ್‌ಟಾಪು 46 ಸೆಕೆಂಡಿನಲ್ಲಿ ಚಕ್ರಸ್ಥಾನಗಳನ್ನು ಹುಡುಕಿತು. ಕೊಲೊಸಸ್‌ಗೆ ಮೂರೂವರೆ ಗಂಟೆ ಹಿಡಿಯಿತು. ಸೋತಿತು ಎಂದು ಯಾರಿಗೂ ಅನ್ನಿಸಲಿಲ್ಲ. 63 ವರ್ಷ ಹಿಂದಿನ ವಿದ್ಯೆ ಅಂದಿನ ಯಂತ್ರದಲ್ಲೇ ಇಂದಿಗೂ ಫಲಿಸುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತಲ್ಲ!

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಿಚ್ ಮೂಲ ಯಂತ್ರ, ಕೊಲೊಸಸ್ ಮರುನಿರ್ಮಾಣ. ಚರಿತ್ರೆಯ ದೃಷ್ಟಿಯಿಂದ ಎರಡಕ್ಕೂ ಒಂದೇ ಬೆಲೆಯೇ? ಜೀರ್ಣೋದ್ಧಾರವಾದ ದೇವಸ್ಥಾನದ ಮುಂದೆ ನಿಂತು ನಾವೂ ಇದೇ ಜಗಳ ಆಡುತ್ತೇವೆ. ನನಗೆ ತೋಚಿದ್ದು ಇಷ್ಟು. ಸುಟ್ಟ ಕಾಗದಗಳಲ್ಲಿ ಇದ್ದ ಚರಿತ್ರೆಯನ್ನು ತಿಳಿಯಲು ಮತ್ತೆ ಕಟ್ಟಿ ನೋಡುವುದಲ್ಲದೆ ಬೇರೆ ದಾರಿ ಇರಲಿಲ್ಲ. ಎಲ್ಲಿ ಕಷ್ಟವಾಯಿತು, ಯಾವುದಕ್ಕೆ ಜಾಣತನ ಬೇಕಾಯಿತು ಎಂಬುದು ಫೋಟೋದಲ್ಲಿ ಕಾಣದು, ಕೈಗೆ ತಿಳಿಯುತ್ತದೆ. ಅಜ್ಜಿ ಬರೆದಿಟ್ಟ ಹೋಳಿಗೆಯ ಅಳತೆಯಿಂದ ಕಣಕದ ಹದ ಗೊತ್ತಾಗುವುದಿಲ್ಲ. ಒಂದು ಸಲ ಕಲಸಿ ನೋಡಬೇಕು. ಆದರೆ ಮರುನಿರ್ಮಾಣ ಎಂಬ ಫಲಕವನ್ನು ಅದರ ಮುಂದೆ ಹಾಕುವ ಪ್ರಾಮಾಣಿಕತೆಯೂ ಬೇಕು. ಅಲ್ಲಿ ಹಾಕಿದ್ದಾರೆ.

ಇದೆಲ್ಲ ಇಂಗ್ಲಿಷರ ಕತೆ, ನಮಗೇನು ಎನ್ನಬಹುದು. ಸ್ವಲ್ಪ ಸಂಬಂಧ ನಮಗೂ ಇದೆ. 1955ರ ಹೊತ್ತಿಗೆ ಮಹಲನೋಬಿಸರು ಕೋಲ್ಕತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ತರಿಸಿದ ಭಾರತದ ಮೊದಲ ಕಂಪ್ಯೂಟರ್, ಎಚ್.ಇ.ಸಿ.-2ಎಂ, ಇಂಗ್ಲೆಂಡಿನಲ್ಲೇ ತಯಾರಾದದ್ದು. ಅದೇ ಸಾಲಿನ ಮೊಟ್ಟಮೊದಲ ಮಾದರಿಯನ್ನು ಅವರು ಇಂದಿಗೂ ಉಳಿಸಿಕೊಂಡಿದ್ದಾರೆ.

ಇನ್ನೊಂದು ಸಂಬಂಧ ನನ್ನ ಸ್ವಂತದ್ದು. ಆ ಮ್ಯೂಸಿಯಮ್ಮಿನಲ್ಲಿ ಒಂದು ತರಗತಿ ಕೋಣೆ ಇದೆ. ಅದರ ತುಂಬ ಬಿಬಿಸಿ ಮೈಕ್ರೋ ಎಂಬ 1980ರ ದಶಕದ ಕಂಪ್ಯೂಟರುಗಳು. ಕೇಂಬ್ರಿಜಿನ ಏಕಾರ್ನ್ ಕಂಪನಿ ಬಿಬಿಸಿಗಾಗಿ ಮಾಡಿ 1981ರ ಡಿಸೆಂಬರಿನಲ್ಲಿ ಹೊರತಂದದ್ದು. ಕಪ್ಪು ಕೀಲಿಗಳು, ಮೇಲುಸಾಲಿನಲ್ಲಿ ಕೆಂಪು ಕೀಲಿಗಳು. ಆ ಕೆಂಪು ಕಂಡ ತಕ್ಷಣ ನಿಂತುಬಿಟ್ಟೆ. 1984–85ರಲ್ಲಿ ನಮ್ಮ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಕೊಟ್ಟದ್ದು ಇದೇ ಯಂತ್ರವನ್ನು. ನಾನಾಗ ಹೈಸ್ಕೂಲು ಹುಡುಗಿ. ಜಿಲ್ಲಾ ಕೇಂದ್ರದಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗನ ಶಾಲೆಯಲ್ಲಿ ಅದಿತ್ತು. ಒಂದು ವಾರ್ಷಿಕೋತ್ಸವದ ದಿನ ಚಪ್ಪಲಿ ಹೊರಗೆ ಬಿಟ್ಟು, ಸಾಲಿನಲ್ಲಿ ನಿಂತು, ಬಾಗಿಲಿನಾಚೆಯಿಂದ ಅದರ ದರ್ಶನ ಮಾಡಿದ್ದೆವು. ಮುಟ್ಟಲು ಬಿಡಲಿಲ್ಲ. ಧೂಳು ಬಿದ್ದರೆ ಹಾಳಾಗುತ್ತದೆಂದು ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದರು. ಬ್ಲೆಚ್ಲಿಯಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಅದರ ಕೀಲಿಗಳನ್ನು ಕುಟ್ಟಿ ತಮ್ಮ ಹೆಸರನ್ನು ಪರದೆಯ ತುಂಬ ಹರಿಸುತ್ತಿದ್ದರು. ಸ್ವಯಂಸೇವಕರೊಬ್ಬರು, ಎಪ್ಪತ್ತೈದು ದಾಟಿದವರು, ನನ್ನನ್ನೂ ಕೂರಿಸಿದರು. ಎರಡು ಸಾಲು ಹೇಳಿಕೊಟ್ಟರು. ನನ್ನ ಹೆಸರೂ ಹರಿಯಿತು. ಮಗಳು ಫೋಟೋ ತೆಗೆದಳು.

“ಇಷ್ಟು ಮಕ್ಕಳು ಕುಟ್ಟಿದರೆ ಕೆಡುವುದಿಲ್ಲವೇ?” ಎಂದು ಆ ಹಿರಿಯರನ್ನು ಕೇಳಿದೆ. “ಕೆಡುತ್ತದೆ. ಸರಿಮಾಡುತ್ತೇವೆ. ಸರಿಮಾಡಲು ಕಲಿಯುವುದು ಹಾಗೆಯೇ,” ಎಂದರು.

ನಮ್ಮಲ್ಲಿ ಬೇರೆಯ ಕ್ರಮ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಗೆ ಯಾವುದೋ ಯೋಜನೆಯಲ್ಲಿ ಹತ್ತು ಕಂಪ್ಯೂಟರು ಬಂದವು. ಕೋಣೆಗೆ ಬೀಗ, ಬೀಗದ ಕೈ ಹೆಡ್ಮಾಸ್ಟರ ಮೇಜಿನಲ್ಲಿ. ಕಲಿಸುವವರ ನೇಮಕವಾಗಲಿಲ್ಲ. ಕೆಲವು ವರ್ಷದ ಮೇಲೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಕೆಂಪು ಶಾಯಿ ಬಿತ್ತು. ಒಂದನ್ನಾದರೂ ಮಕ್ಕಳು ಬಿಚ್ಚಿ ನೋಡಲು ಇಟ್ಟುಕೊಳ್ಳೋಣ ಎಂದು ನಾನೂ ವಿಜ್ಞಾನದ ಟೀಚರೂ ಕೇಳಿಕೊಂಡೆವು. ಆಡಿಟ್ಟಿನಲ್ಲಿ ಆಕ್ಷೇಪಣೆ ಬರುತ್ತದೆ ಎಂಬ ಉತ್ತರ ಬಂತು. ಹತ್ತೂ ತೂಕದ ಲೆಕ್ಕದಲ್ಲಿ ಹೋದವು. ಆಯುಧಪೂಜೆಯ ದಿನ ಅವಕ್ಕೆ ಕುಂಕುಮ ಇಟ್ಟು ಹೂ ಮುಡಿಸಿದ್ದಷ್ಟೇ ನಮ್ಮ ಮಕ್ಕಳ ಕಂಪ್ಯೂಟರ್ ಶಿಕ್ಷಣ. ವಸ್ತುವಿಗೆ ಪೂಜೆ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಅದನ್ನು ಬಿಚ್ಚಿ ತಿಳಿಯಲು ಮಾತ್ರ ನಮಗೆ ಕೈ ನಡುಗುತ್ತದೆ.

ಹಾಗೆಂದು ಪಶ್ಚಿಮದವರೆಲ್ಲ ಕಾಪಾಡುವುದರಲ್ಲಿ ನಿಸ್ಸೀಮರು ಎಂದು ಭಾವಿಸಬೇಕಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಮೈಕ್ರೋಸಾಫ್ಟಿನ ಸ್ಥಾಪಕರಲ್ಲೊಬ್ಬರಾದ ಪಾಲ್ ಅಲೆನ್ ‘ಲಿವಿಂಗ್ ಕಂಪ್ಯೂಟರ್ಸ್’ ಎಂಬ ಮ್ಯೂಸಿಯಂ ಮಾಡಿದ್ದರು. ಹೆಸರೇ ಹೇಳುವಂತೆ ಅಲ್ಲಿಯ ಹಳೆಯ ಯಂತ್ರಗಳು ಜೀವಂತವಾಗಿದ್ದವು. ಬಂದವರು ಮುಟ್ಟಿ ಬಳಸಬಹುದಿತ್ತು. 2012ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 2018ರಲ್ಲಿ ಅಲೆನ್ ತೀರಿಕೊಂಡರು. 2020ರಲ್ಲಿ ಕೋವಿಡ್ ಕಾಲಕ್ಕೆ ಮುಚ್ಚಿದ ಬಾಗಿಲು ಮತ್ತೆ ತೆರೆಯಲೇ ಇಲ್ಲ; 2024ರಲ್ಲಿ ಶಾಶ್ವತವಾಗಿ ಮುಚ್ಚಿತೆಂದು ಪ್ರಕಟಿಸಿ, ಸಂಗ್ರಹದ ಅನೇಕ ವಸ್ತುಗಳನ್ನು ಹರಾಜಿಗಿಟ್ಟರು. ಒಬ್ಬ ದೊಡ್ಡ ಶ್ರೀಮಂತನ ಪ್ರೀತಿ ಅವನೊಂದಿಗೇ ಮುಗಿಯಿತು. ನೂರು ಜನ ಸಾಮಾನ್ಯರು ವಾರಕ್ಕೊಂದು ದಿನ ಬಂದು ಮಾಡುವ ಚಾಕರಿಯೇ ಹೆಚ್ಚು ಗಟ್ಟಿಯೇನೋ. ಆದರೆ ಆ ಸಾಮಾನ್ಯರೂ ಮುದುಕರಾಗುತ್ತಿದ್ದಾರೆ. ಬ್ಲೆಚ್ಲಿಯಲ್ಲಿ ನಾನು ನೋಡಿದ ಬಹುಮಂದಿ ಸ್ವಯಂಸೇವಕರ ತಲೆ ನೆರೆತಿತ್ತು. ವಾಲ್ವಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ಕಿವಿ ಅವರದು. ಆ ಕಿವಿಯನ್ನು ಗಾಜಿನ ಬೀರುವಿನಲ್ಲಿ ಇಡಲು ಬರುವುದಿಲ್ಲ.

ಊರಿಗೆ ಬಂದ ಮೇಲೆ ನನ್ನ ಕೈಲಾದ ಒಂದು ಕೆಲಸ ಮಾಡುತ್ತಿದ್ದೇನೆ. ಒಂಬತ್ತನೆಯ ತರಗತಿಯವರಿಗೆ ಸಮಾಜ ವಿಜ್ಞಾನದ ಪ್ರಾಜೆಕ್ಟಿಗೆ ಪ್ರತಿ ವರ್ಷ ಒಂದೇ ವಿಷಯ ಕೊಡುತ್ತೇನೆ: ನಿಮ್ಮ ಮನೆಯ ಅಥವಾ ಬೀದಿಯ ಹಳೆಯ ಯಂತ್ರವೊಂದನ್ನು ಬಲ್ಲವರ ಜೊತೆ ಕೂತು, ಅದು ಹೇಗೆ ಓಡುತ್ತದೆ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಅವರ ಮಾತಿನಲ್ಲೇ ಬರೆದು ತನ್ನಿ. ಇಂಟರ್‌ನೆಟ್ಟಿನಿಂದ ಇಳಿಸಿದ ಚಿತ್ರಕ್ಕೆ ಅಂಕವಿಲ್ಲ. ಕಬ್ಬಿನ ಗಾಣ, ಹಿಟ್ಟಿನ ಗಿರಣಿ, ಅಚ್ಚುಕೂಟದ ಟ್ರೆಡಲ್ ಯಂತ್ರ, ಹಳೆಯ ರೇಡಿಯೋ ಎಲ್ಲ ಬಂದಿವೆ. ಒಬ್ಬ ಹುಡುಗಿ ತನ್ನ ಅಜ್ಜಿಯ ಹೊಲಿಗೆ ಯಂತ್ರದ ಬಗ್ಗೆ ಆರು ಪುಟ ಬರೆದಿದ್ದಳು. ಮೂರನೆಯ ಪುಟದಲ್ಲಿ ಹೀಗಿತ್ತು: “ಮಳೆಗಾಲದಲ್ಲಿ ಬೆಲ್ಟು ಸಡಿಲವಾಗುತ್ತದೆ. ಆಗ ಅಜ್ಜಿ ಅದನ್ನು ಎರಡು ದಿನ ಒಲೆಯ ಹತ್ತಿರ ನೇತುಹಾಕುತ್ತಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲ ಎಂದು ಅಜ್ಜಿ ಹೇಳಿದರು.” ಆ ಪುಟದ ಅಂಚಿನಲ್ಲಿ ‘ಈಗ ಇದೆ’ ಎಂದು ಬರೆದು, ಹತ್ತಕ್ಕೆ ಹತ್ತು ಹಾಕಿ ಕೊಟ್ಟೆ.